ಜನವಾಡದ ಇಳಿಜಾರು ಮತ್ತು ಲೆ ಮಾನ್‌ನ ಬ್ರೇಕು

ಬೀದರಿನ ಗ್ಯಾರೇಜಿಗೆ ಬೆಳಿಗ್ಗೆ ಬಂದ ಅಂಬಾಸಿಡರ್ ಗಾಡಿಯ ದೂರು ಸಣ್ಣದು. ಔರಾದ ಕಡೆ ಹೋಗುವಾಗ ಜನವಾಡದ ಇಳಿಜಾರಿನಲ್ಲಿ ಪೆಡಲ್ ಪೂರ್ತಿ ಕೆಳಗೆ ಹೋಯಿತು, ಅರ್ಧ ತಾಸು ನೆರಳಿಗೆ ನಿಲ್ಲಿಸಿದರೆ ಮತ್ತೆ ಮೊದಲಿನಂತಾಯಿತು. "ಈಗ ನೋಡ್ರಿ ಉಸ್ತಾದ್, ಬರೋಬರಿ ಹಿಡಿತದ," ಎಂದು ಡ್ರೈವರ್ ಕಾಕಾ ಒತ್ತಿ ತೋರಿಸಿದರು. ಪೆಡಲ್ ಗಟ್ಟಿಯಾಗಿಯೇ ಇತ್ತು. ತಣ್ಣಗಿದ್ದಾಗ ಕೆಲಸ ಮಾಡುವ ಬ್ರೇಕನ್ನು ನೋಡಿ "ಏನೂ ಆಗಿಲ್ಲ" ಎಂದು ಕಳಿಸುವ ಗ್ಯಾರೇಜುಗಳೇ ಹೆಚ್ಚು. ಇಲ್ಲಿನ ಉಸ್ತಾದ್ ಹಾಗೆ ಕಳಿಸುವವರಲ್ಲ. ಅವರು ಕೇಳಿದ್ದು ಒಂದೇ ಮಾತು: "ಕಾಲಿಗೆ ಹ್ಯಾಂಗ ಹತ್ತಿತು? ಮೆತ್ತಗಿತ್ತೋ, ಗಟ್ಟಿ ಇದ್ದು ಗಾಡಿ ನಿಲ್ಲಲಿಲ್ಲೋ?"

ರೋಗ ಪತ್ತೆ ಮಾಡುವ ಪ್ರಶ್ನೆ ಇದೇ. ಡ್ರಮ್ ಬ್ರೇಕಿನಲ್ಲಿ ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಮೈಗೆ ಬಿಲ್ಲಿನಾಕಾರದ ಶೂಗಳು ಒತ್ತುತ್ತವೆ, ಶೂ ಮೇಲಿನ ಉಜ್ಜುವ ಪದರವೇ ಲೈನರ್. ಬಿಸಿಗೆ ಈ ಬ್ರೇಕು ಮೂರು ಬಗೆಯಲ್ಲಿ ಕೈಕೊಡುತ್ತದೆ, ಮೂರೂ ಕಾಲಿಗೆ ಬೇರೆ ಬೇರೆಯಾಗಿ ಗೊತ್ತಾಗುತ್ತವೆ. ಲೈನರ್ ಕಾದು ಹಿಡಿತ ಕಳೆದುಕೊಂಡರೆ ಪೆಡಲ್ ಕಲ್ಲಿನಂತೆ ಗಟ್ಟಿ ಇರುತ್ತದೆ, ಗಾಡಿ ಮಾತ್ರ ಓಡುತ್ತಲೇ ಇರುತ್ತದೆ. ಡ್ರಮ್ಮೇ ಕಾದು ಹಿಗ್ಗಿದರೆ ಪೆಡಲ್ ಉದ್ದಕ್ಕೆ ಹೋಗಿ ಕೊನೆಗೆ ಹಿಡಿಯುತ್ತದೆ. ಒಂಬತ್ತು ಇಂಚಿನ ಎರಕದ ಡ್ರಮ್ ಇನ್ನೂರು ಡಿಗ್ರಿ ಹೆಚ್ಚು ಕಾದರೆ ಅದರ ವ್ಯಾಸ ಸುಮಾರು ಅರ್ಧ ಮಿಲಿಮೀಟರ್ ದೊಡ್ಡದಾಗುತ್ತದೆ, ಎರಡೂ ಶೂ ಸೇರಿ ಅಷ್ಟು ದೂರ ಹೆಚ್ಚಿಗೆ ಸರಿಯಬೇಕು. ಮೂರನೆಯದು ಬ್ರೇಕ್ ಆಯಿಲ್ ಕುದಿಯುವುದು. ಆಗ ಪೈಪಿನೊಳಗೆ ಆವಿಯ ಗುಳ್ಳೆ ನಿಲ್ಲುತ್ತದೆ, ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ತಣ್ಣಗಾದರೆ ಆವಿ ಮತ್ತೆ ಎಣ್ಣೆಯಾಗುತ್ತದೆ, ಸಾಕ್ಷಿಯೇ ಉಳಿಯುವುದಿಲ್ಲ.

"ಮೆತ್ತಗಿತ್ತು," ಎಂದರು ಕಾಕಾ.

ಬೀದರ್ ಊರು ಕೆಮ್ಮಣ್ಣಿನ ಪ್ರಸ್ಥಭೂಮಿಯ ಅಂಚಿಗೆ ಕೂತಿದೆ. ಉತ್ತರಕ್ಕೆ ಹೊರಟವರು ಮಾಂಜ್ರಾ ಬಯಲಿಗೆ ಇಳಿಯಲೇಬೇಕು. ಆ ಇಳಿಜಾರಿನ ಲೆಕ್ಕ ಹಾಕಿ ನೋಡಬಹುದು. ಜನ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಗಾಡಿ ಗಂಟೆಗೆ 80 ಕಿ.ಮೀ. ವೇಗದಿಂದ ನಿಂತರೆ ಬ್ರೇಕಿಗೆ ಬೀಳುವ ಶಾಖ ಸುಮಾರು 370 ಕಿಲೋಜೂಲ್. ಅದೇ ಗಾಡಿ ನೂರು ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 1,470 ಕಿಲೋಜೂಲ್, ಅಂದರೆ ಅಂಥ ನಾಲ್ಕು ನಿಲುಗಡೆಯಷ್ಟು. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಚಟ ಇದ್ದವರು ಬಹುಪಾಲನ್ನು ಡ್ರಮ್ಮಿಗೇ ಕೊಡುತ್ತಾರೆ. ಎರಡನೇ ಗಿಯರಿನಲ್ಲಿ ಇಳಿದರೆ ದೊಡ್ಡ ಪಾಲು ಎಂಜಿನ್ನಿಗೆ ಹೋಗುತ್ತದೆ.

ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಇಟ್ಟರು. ಪೆಡಲ್ ಒತ್ತಿ ಬಿಟ್ಟ ಮೇಲೆ ಎಡ ಚಕ್ರ ಸಲೀಸಾಗಿ ತಿರುಗಿತು, ಬಲ ಚಕ್ರ ಬಿಗಿ. ಸಾಮಾನ್ಯವಾಗಿ ಇಲ್ಲಿಗೇ ಶೂಗಳನ್ನು ತಳ್ಳುವ ವ್ಹೀಲ್ ಸಿಲಿಂಡರ್ ಜಾಮ್ ಎಂದು ಬಿಲ್ ಬರೆಯುತ್ತಾರೆ. ಉಸ್ತಾದ್ ಮೊದಲು ರಬ್ಬರ್ ಹೋಸಿಗಿಂತ ಮೇಲಿರುವ ಕಬ್ಬಿಣದ ಪೈಪಿನ ಜೋಡಣೆಯನ್ನು ಸಡಿಲ ಮಾಡಿದರು. ಚಕ್ರ ಬಿಡಲಿಲ್ಲ. ಅದನ್ನು ಬಿಗಿದು, ಚಕ್ರದ ಹತ್ತಿರದ ಏರ್ ತೆಗೆಯುವ ನಿಪ್ಪಲ್ ಬಿಚ್ಚಿದರು. ಚುರ್ ಎಂದು ಎಣ್ಣೆ ಚಿಮ್ಮಿತು, ಚಕ್ರ ಕೂಡಲೇ ಬಿಟ್ಟಿತು. ಒತ್ತಡ ಸಿಕ್ಕಿಕೊಂಡಿದ್ದು ಈ ಎರಡರ ನಡುವೆ, ಅಂದರೆ ಹೋಸಿನಲ್ಲಿ. ಹಳೆಯ ಹೋಸಿನ ಒಳಪದರ ಊದಿಕೊಂಡು ದಾರಿ ಕಿರಿದಾಗುತ್ತದೆ. ಕಾಲಿನ ಜೋರಿಗೆ ಎಣ್ಣೆ ಒಳಗೆ ಹೋಗುತ್ತದೆ, ವಾಪಸು ಬರುವಾಗ ಸ್ಪ್ರಿಂಗಿನ ಬಲ ಸಾಲುವುದಿಲ್ಲ. ಶೂ ಉಜ್ಜುತ್ತಲೇ ಇರುತ್ತದೆ, ಡ್ರಮ್ ಕಾಯುತ್ತಲೇ ಇರುತ್ತದೆ. ಡ್ರಮ್ ಬಿಚ್ಚಿದಾಗ ಒಳಮೈಯಲ್ಲಿ ನೀಲಿ ಕಲೆಗಳಿದ್ದವು.

ಪೆಡಲ್ ಒತ್ತಿದಾಗ ಪೈಪಿಗೆ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿನ ಎಣ್ಣೆ ಚಹಾದ ಬಣ್ಣಕ್ಕೆ ತಿರುಗಿತ್ತು. ಈ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬ ನಿಯಮವಿದೆ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿ 230 ಮತ್ತು 155. ಬಿಡದ ಚಕ್ರ, ನೀರು ಹಿಡಿದ ಎಣ್ಣೆ, ಮೇ ತಿಂಗಳ ಬಿಸಿಲು ಮೂರೂ ಕೂಡಿ ಬಂದಿದ್ದವು.

ಹೀಗೆ ಎಣ್ಣೆಯಿಂದ ಬಲ ಮುಟ್ಟಿಸುವ ಹೈಡ್ರಾಲಿಕ್ ಬ್ರೇಕು ರೇಸಿನಲ್ಲಿ ಮೊದಲು ದೊಡ್ಡ ಹೆಸರು ಮಾಡಿದ್ದು 1921ರ ಫ್ರೆಂಚ್ ಗ್ರಾಂಡ್ ಪ್ರಿಯಲ್ಲಿ, ಫ್ರಾನ್ಸಿನ ರೇಸಿನ ಊರು ಲೆ ಮಾನ್‌ನಲ್ಲೇ. ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿಗೆ ನಾಲ್ಕೂ ಚಕ್ರಕ್ಕೆ ದ್ರವದ ಬ್ರೇಕು. ಅಭ್ಯಾಸದಲ್ಲಿ ಅಪಘಾತವಾಗಿ ಪಕ್ಕೆಲುಬಿಗೆ ಪಟ್ಟಿ ಸುತ್ತಿಕೊಂಡೇ ಜಿಮ್ಮಿ ಮರ್ಫಿ ಗೆದ್ದ. ಕಲ್ಲು ಬಡಿದು ರೇಡಿಯೇಟರ್ ಸೋರುತ್ತಿದ್ದರೂ ಎರಡನೆಯವನಿಗಿಂತ ಸುಮಾರು 15 ನಿಮಿಷ ಮುಂದಿದ್ದ. ಸರಳು, ತಂತಿ ಎಳೆಯುವ ಬ್ರೇಕಿನಲ್ಲಿ ನಾಲ್ಕೂ ಚಕ್ರಕ್ಕೆ ಸಮನಾಗಿ ಬಲ ಹಂಚುವುದು ನಿತ್ಯದ ತಲೆನೋವಾಗಿತ್ತು, ದ್ರವ ಅದನ್ನು ತಾನೇ ಹಂಚುತ್ತದೆ.

ಆದರೆ ಶಾಖದ ಪ್ರಶ್ನೆ ಹಾಗೇ ಉಳಿಯಿತು. ಅಂಬಾಸಿಡರಿನ ಮುಂದಿನ ಚಕ್ರದಲ್ಲಿ ಎರಡು ಸಿಲಿಂಡರ್, ಎರಡೂ ಶೂ ಚಕ್ರ ತಿರುಗುವ ದಿಕ್ಕಿಗೇ ಒತ್ತುತ್ತವೆ. ತಿರುಗುವ ಡ್ರಮ್ ಶೂವನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಕಡಿಮೆ ಬಲಕ್ಕೇ ಗಾಡಿ ನಿಲ್ಲುತ್ತದೆ. ಇದೇ ಗುಣ ಬಿಸಿಯಲ್ಲಿ ತಿರುಗುಬಾಣ: ಲೈನರಿನ ಹಿಡಿತ ಸ್ವಲ್ಪ ತಗ್ಗಿದರೂ ಆ ಎಳೆತವೂ ಜೊತೆಗೇ ತಗ್ಗುತ್ತದೆ, ನಷ್ಟ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತಿರುಗುವ ತಟ್ಟೆಯನ್ನು ಎರಡೂ ಬದಿಯಿಂದ ಪ್ಯಾಡ್ ಒತ್ತಿ ಹಿಡಿಯುವ ಡಿಸ್ಕ್ ಬ್ರೇಕಿಗೆ ಈ ಲಾಭವೂ ಇಲ್ಲ, ಈ ನಷ್ಟವೂ ಇಲ್ಲ. ಕಾದು ಹಿಗ್ಗಿದರೆ ಆ ತಟ್ಟೆ ಪ್ಯಾಡಿನ ಕಡೆಗೇ ದಪ್ಪವಾಗುತ್ತದೆ, ಗಾಳಿಗೂ ಬಯಲಾಗಿಯೇ ಇರುತ್ತದೆ.

ಜಾಗ್ವಾರ್ ಮತ್ತು ಡನ್‌ಲಪ್ ಸೇರಿ ಸಿ-ಟೈಪ್ ಕಾರಿನಲ್ಲಿ ಇದನ್ನು ಪಳಗಿಸಿದರು. ಪರೀಕ್ಷೆಯ ದಿನಗಳಲ್ಲಿ ಅವರನ್ನೂ ಕಾಡಿದ್ದು ಕುದಿಯುವ ಎಣ್ಣೆಯೇ. 1952ರಲ್ಲಿ ರೀಮ್ಸ್‌ನಲ್ಲಿ ಸ್ಟರ್ಲಿಂಗ್ ಮಾಸ್ ಡಿಸ್ಕ್ ಬ್ರೇಕಿನ ಕಾರಿಗೆ ಮೊದಲ ದೊಡ್ಡ ಗೆಲುವು ತಂದ. ಮರುವರ್ಷ ಲೆ ಮಾನ್‌ನಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ 24 ತಾಸಿನ ರೇಸಿನಲ್ಲಿ 304 ಸುತ್ತು ಓಡಿಸಿ ಗೆದ್ದರು. ಸರಾಸರಿ ವೇಗ ಗಂಟೆಗೆ 170 ಕಿ.ಮೀ., ನೂರು ಮೈಲಿ ದಾಟಿದ್ದು ಅಲ್ಲಿ ಅದೇ ಮೊದಲು. ಸುಮಾರು 6 ಕಿ.ಮೀ. ನೇರ ದಾರಿಯ ಕೊನೆಗೆ ಒಂದು ತಿರುವು. ಅಲ್ಲಿ ಒಂದೇ ಸಲ ಹಾಕುವ ಬ್ರೇಕಿಗೆ ಎರಡು ಮೆಗಾಜೂಲಿನಷ್ಟು ಶಾಖ, ಅಂದರೆ ನಮ್ಮ ನೂರು ಮೀಟರ್ ಇಳಿಜಾರಿಗಿಂತ ಹೆಚ್ಚು. ಅದೂ ಕೆಲವೇ ಸೆಕೆಂಡಿನಲ್ಲಿ, ಪ್ರತಿ ಸುತ್ತಿಗೂ. ಡ್ರಮ್ಮಿನ ಕನ್ನಿಂಗ್‌ಹ್ಯಾಮ್ ಕಾರು ನೇರ ದಾರಿಯಲ್ಲಿ ಜಾಗ್ವಾರಿಗಿಂತ ವೇಗವಾಗಿತ್ತು, ಆದರೂ ಮೂರನೆಯದಾಯಿತು.

ಇಷ್ಟಕ್ಕೇ ಡ್ರಮ್ ಸತ್ತುಹೋಯಿತು ಎನ್ನುವುದು ಅವಸರದ ಮಾತು. 1955ರ ಮೇ 1ರಂದು ಅದೇ ಮಾಸ್ ಇಟಲಿಯ ಮಿಲ್ಲೆ ಮಿಲಿಯಾ ರೇಸನ್ನು 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಗೆದ್ದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಡ್ರಮ್ಮಿನದೇ. ಜೂನ್‌ನ ಲೆ ಮಾನ್‌ಗೆ ಅದೇ ಮಾದರಿಯ ಕಾರಿಗೆ ಚಾಲಕನ ಹಿಂದೆ ಎದ್ದು ನಿಲ್ಲುವ ತಗಡಿನ ಗಾಳಿ ಬ್ರೇಕು ಸೇರಿಸಬೇಕಾಯಿತು. ಜೂನ್ 11ರಂದು ಜಾಗ್ವಾರಿನ ಹಾಥಾರ್ನ್, ರೇಸಿನ ನಡುವೆ ಕಾರು ನಿಲ್ಲಿಸುವ ಜಾಗವಾದ ಪಿಟ್‌ಗೆ ಹೋಗಲು ಬ್ರೇಕ್ ಹಾಕಿದ, ಹಿಂದಿದ್ದ ಮ್ಯಾಕ್ಲಿನ್ ತಪ್ಪಿಸಿಕೊಳ್ಳಲು ಎಡಕ್ಕೆ ಹೊರಳಿದ, ಅವನಿಗೆ ಲೆವೆಗ್‌ನ ಮರ್ಸಿಡಿಸ್ ಬಡಿದು ಜನರ ಮೇಲೆ ಹಾರಿತು. 80ಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ ಬ್ರೇಕು ಒಂದೇ ಅಲ್ಲ. ಇಕ್ಕಟ್ಟಾದ ಪಿಟ್ ದಾರಿ, ವೇಗದ ಅಂತರ ಎಲ್ಲವೂ ಸೇರಿದ್ದವು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಇದ್ದ ಸಿಟ್ರೊಯೆನ್ ಡಿಎಸ್ ಪ್ಯಾರಿಸ್ ಪ್ರದರ್ಶನಕ್ಕೆ ಬಂತು. ನಮ್ಮ ಅಂಬಾಸಿಡರ್ ಮಾತ್ರ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಡ್ರಮ್ಮುಗಳನ್ನೇ ದಶಕಗಟ್ಟಲೆ ಹೊತ್ತು ತಿರುಗಿತು.

ಮಧ್ಯಾಹ್ನ ಕೆಲಸ ಜೋರಾಯಿತು. ಡ್ರಮ್ಮಿನ ಧೂಳಿಗೆ ಗಾಳಿ ಹೊಡೆಯಲಿಲ್ಲ. ಹಳೆಯ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಸಿಲಿಂಡರಿನ ರಬ್ಬರನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು ನಮ್ಮ ಕಡೆಯ ದೊಡ್ಡ ತಪ್ಪು, ರಬ್ಬರ್ ಊದಿ ವಾರದಲ್ಲೇ ಜಾಮ್ ಆಗುತ್ತದೆ. ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದರೂ ಉಪಯೋಗವಿಲ್ಲ, ಕಾದಾಗ ಮತ್ತೆ ಹೊರಗೆ ಬರುತ್ತದೆ. ಎರಡೂ ಬದಿಗೆ ಜೊತೆಯಾಗಿಯೇ ಹೊಸದು ಹಾಕಬೇಕು, ಇಲ್ಲದಿದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಹೊಸ ಲೈನರಿಗೆ ಸುಣ್ಣದ ಕಡ್ಡಿ ಬಳಿದು ಡ್ರಮ್ ತಿರುಗಿಸಿ ಎಲ್ಲಿ ತಾಗುತ್ತದೆ ಎಂದು ನೋಡಿದರು. ಮಾಸ್ಟರ್ ಸಿಲಿಂಡರನ್ನು ಒತ್ತುವ ಪುಶ್‌ರಾಡಿಗೆ ಒಂದು ಮಿಲಿಮೀಟರಿನಷ್ಟು ಆಟ ಬಿಟ್ಟರು. ಆಟವೇ ಇಲ್ಲದಿದ್ದರೆ ಎಣ್ಣೆ ವಾಪಸು ಹೋಗುವ ಸಣ್ಣ ತೂತು ಮುಚ್ಚಿಕೊಂಡು, ಕಾದು ಹಿಗ್ಗಿದ ಎಣ್ಣೆ ತಾನೇ ಬ್ರೇಕ್ ಹಾಕುತ್ತದೆ. ಬಲ ಚಕ್ರಕ್ಕೆ ಹೊಸ ಹೋಸ್ ಹಾಕಿ, ಡಾಟ್ 4 ತುಂಬಿ, ದೂರದ ಚಕ್ರದಿಂದ ಶುರು ಮಾಡಿ ಏರ್ ತೆಗೆದರು: "ಒತ್ರಿ... ಹಿಡೀರಿ... ಬಿಡ್ರಿ." ನಿಪ್ಪಲ್ ಬಿಗಿದ ಮೇಲೆಯೇ ಕಾಲು ಎತ್ತಬೇಕು, ಬ್ರೇಕ್ ಆಯಿಲಿನ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಹೋಗಬಾರದು.

ಸಂಜೆ ಜನವಾಡದ ತನಕ ಎರಡನೇ ಗಿಯರಿನಲ್ಲಿ ಇಳಿದು, ಕೆಳಗೆ ನಿಲ್ಲಿಸಿ ಥರ್ಮಾಮೀಟರ್ ಗನ್ ಹಿಡಿದರು. ಮುಂದಿನ ಎರಡು ಡ್ರಮ್ಮುಗಳ ನಡುವೆ ಹತ್ತು ಡಿಗ್ರಿಯ ಅಂತರವೂ ಇರಲಿಲ್ಲ.

"ಡಿಸ್ಕ್ ಹಾಕಿಸಿದ್ರ ಹ್ಯಾಂಗ?" ಎಂದು ಕಾಕಾ ಕೇಳಿದರು. ಆಗುತ್ತದೆ, ಬರೀ ಡಿಸ್ಕ್ ತಂದರೆ ಸಾಲದು ಅಷ್ಟೇ. ಡ್ರಮ್ಮಿನ ಎಳೆತ ಇಲ್ಲವಾದ್ದರಿಂದ ಪೆಡಲ್ ಭಾರವಾಗುತ್ತದೆ, ಕಾಲಿನ ಬಲ ಹೆಚ್ಚಿಸುವ ಸರ್ವೋ ಬೇಕು. ಗೆದ್ದ ಜಾಗ್ವಾರಿಗೂ ಸರ್ವೋ ಇತ್ತು. ಡ್ರಮ್ಮಿಗೆಂದು ಮಾಡಿದ ಮಾಸ್ಟರ್ ಸಿಲಿಂಡರ್ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇಟ್ಟುಕೊಂಡಿರುತ್ತದೆ, ಅದು ಹಾಗೇ ಇದ್ದರೆ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಹಬ್ಬು, ಚಕ್ರದ ಒಳ ಜಾಗ ಎಲ್ಲ ಅಳೆದು ನೋಡಬೇಕು. ಉಸ್ತಾದ್ ಇದನ್ನೆಲ್ಲ ಬೆರಳೆಣಿಸಿ ಹೇಳುವಷ್ಟರಲ್ಲಿ ಕಾಕಾ ಕೈ ಮುಂದೆ ಮಾಡಿ ತಡೆದರು. "ಸದ್ಯ ಬ್ಯಾಡ್ರಿ. ಎಡಗಡಿ ಹೋಸೂ ಹಳೇದೇ ಅದ, ನಾಳಿಗಿ ಅದೊಂದು ಬದ್ಲ ಮಾಡ್ರಿ."