ಮೋವಾಬಿನಿಂದ ಮಗ್ದಲದವರೆಗೆ

ಜೋರ್ಡಾನ್ ದೇಶದ ರಾಜಧಾನಿ ಅಮ್ಮಾನ್‌ನಿಂದ ನೈರುತ್ಯಕ್ಕೆ, ಮದಾಬಾ ಊರನ್ನು ದಾಟಿ ನೆಬೋ ಬೆಟ್ಟಕ್ಕೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ಏಪ್ರಿಲ್ ತಿಂಗಳಿನಲ್ಲಿ ಜವೆಗೋದಿಯ ಹೊಲಗಳು ಹಳದಿಗೆ ತಿರುಗುತ್ತಿರುತ್ತವೆ. ಪವಿತ್ರ ನಾಡಿನ ಯಾತ್ರೆಗೆ ಬರುವ ತಂಡಗಳು ಸಾಮಾನ್ಯವಾಗಿ ಈ ಬೆಟ್ಟದ ಮೇಲೆ ಮೋಶೆಯನ್ನು ನೆನೆದು, ಅವನು ವಾಗ್ದತ್ತ ದೇಶವನ್ನು ಕಂಡನೆನ್ನುವ ಜಾಗದಲ್ಲಿ ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತವೆ. 2019ರಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚೆ ಧಾರವಾಡದ ಕಡೆಯಿಂದ ಹೊರಟ ನಮ್ಮ ತಂಡದಲ್ಲಿ ಮುಕ್ಕಾಲು ಪಾಲು ಹೆಂಗಸರೇ ಇದ್ದುದರಿಂದ, ಹೋದಲ್ಲೆಲ್ಲ ಆಯಾ ಸ್ಥಳದ ಸ್ತ್ರೀಯರ ಕಥೆಯನ್ನೇ ಸತ್ಯವೇದದಿಂದ ಓದಬೇಕೆಂದು ಗೊತ್ತುಮಾಡಿಕೊಂಡಿದ್ದೆವು. ನಮ್ಮ ಸಭೆಯ ಪಾದ್ರಿ ಅಯ್ಯನವರು ಮೊದಲು ಮುಗುಳ್ನಕ್ಕು, ಆಮೇಲೆ ಒಪ್ಪಿದರು. ಹಾಗಾಗಿ ನೆಬೋ ಬೆಟ್ಟದ ಮೇಲೆ ನಾವು ತೆರೆದದ್ದು ರೂತಳ ಪುಸ್ತಕ. ಕೆಳಗೆ ಹರಡಿದ್ದ ಆ ಹೊಲಗಳ ನಾಡೇ ಮೋವಾಬ್, ರೂತಳ ತವರು.

ಬೆಟ್ಟದ ಅಂಚಿನಲ್ಲಿ ನಿಂತರೆ ಎದುರಿಗೆ ಮೃತ ಸಮುದ್ರ, ಅದರಾಚೆ ಮಂಜಿನಲ್ಲಿ ಯೂದಾಯದ ಗುಡ್ಡಗಳು. ನೆಬೋ ಬೆಟ್ಟದ ಎತ್ತರ ಸುಮಾರು 700 ಮೀಟರ್. ಕೆಳಗಿನ ಮೃತ ಸಮುದ್ರದ ದಡ ಕಡಲ ಮಟ್ಟಕ್ಕಿಂತ 400 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಆಚೆಯ ಬೆತ್ಲೆಹೇಮ್ ಮತ್ತೆ 700 ಮೀಟರಿಗಿಂತ ಮೇಲೆ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಮುದುಕಿ ನೊವೊಮಿಯೂ ಅವಳ ವಿಧವೆ ಸೊಸೆ ರೂತಳೂ ಸಾವಿರ ಮೀಟರಿನಷ್ಟು ಇಳಿದು ಅಷ್ಟನ್ನೇ ಹತ್ತಿಹೋದರೆಂಬುದು ಓದುವಾಗ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ‘ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು’ ಎಂಬ ರೂತಳ ಮಾತನ್ನು ನಮ್ಮ ಮದುವೆಯ ಆರಾಧನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ವಿಧೇಯಳಾದ ಸೊಸೆಗೆ ಅವಳನ್ನೇ ಮಾದರಿಯಾಗಿ ತೋರಿಸುತ್ತಾರೆ. ಆದರೆ ಆ ಅಧ್ಯಾಯವನ್ನು ಅಲ್ಲಿ ನಿಂತು ಗಟ್ಟಿಯಾಗಿ ಓದಿದಾಗ, ಅತ್ತೆ ಮತ್ತೆ ಮತ್ತೆ ‘ತವರಿಗೆ ಹಿಂದಿರುಗು’ ಎಂದು ಹೇಳಿದ್ದೂ, ಆ ಮಾತನ್ನು ಪಾಲಿಸಿ ಹಿಂದಿರುಗಿದವಳು ಇನ್ನೊಬ್ಬ ಸೊಸೆ ಒರ್ಫಳೆಂಬುದೂ, ರೂತಳು ಖಂಡತುಂಡವಾಗಿ ಒಲ್ಲೆನೆಂದಳೆಂಬುದೂ ಎಲ್ಲರ ಕಿವಿಗೂ ಬಿತ್ತು. ಅವಳ ಭಕ್ತಿ ಶುರುವಾಗುವುದೇ ಹಿರಿಯರ ಮಾತನ್ನು ಮೀರುವುದರಿಂದ. ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ಕರ್ತನ ಸಭೆಗೆ ಸೇರಬಾರದೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಅಂಥ ಮೋವಾಬ್ಯಳು ದಾವೀದನ ಅಜ್ಜನನ್ನು ಹೆತ್ತಳು, ಅವಳ ಹೆಸರು ಯೇಸುವಿನ ವಂಶಾವಳಿಯಲ್ಲಿ ಸೇರಿತು.

ಅಲೆನ್‌ಬಿ ಸೇತುವೆಯ ಗಡಿ ತಪಾಸಣೆಯಲ್ಲಿ ಅರ್ಧ ದಿನ ಕಳೆಯಿತು. ಅದರ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಪುಡಿ ತಂದಿದ್ದವರು ಅದೇನೆಂದು ವಿವರಿಸುವುದಕ್ಕೆ ಪಟ್ಟ ಪಾಡನ್ನು ಅವರೇ ಹೇಳಬೇಕು.

ಬೆತ್ಲೆಹೇಮಿನ ಪೂರ್ವಕ್ಕೆ ಅಂಟಿಕೊಂಡಂತಿರುವ ಬೇತ್ ಸಾಹೂರಿನಲ್ಲಿ ರೂತಳನ್ನು ಮುಂದೆ ಮದುವೆಯಾದ ಬೋವಜನ ಹೊಲವೆಂದು ಸಂಪ್ರದಾಯ ಗುರುತಿಸುವ ತಗ್ಗಿದೆ. ಈಗ ಸುತ್ತಲೂ ಮನೆಗಳೆದ್ದಿವೆ, ನಡುವೆ ಆಲಿವ್ ಮರಗಳ ತುಂಡು ಜಮೀನುಗಳು ಉಳಿದಿವೆ. ನಮ್ಮಲ್ಲಿ ಕೃಷಿ ಮನೆತನದವರು ಹಲವರಿದ್ದರು. ಕೊಯ್ಲು ಮುಗಿದ ಹೊಲದಲ್ಲಿ ಹಕ್ಕಲಾಯುವುದೆಂದರೆ ಬಗ್ಗಿದ ಸೊಂಟ ಏಳದ ಕೆಲಸವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಲದ ಅಂಚನ್ನು ಪೂರಾ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬುದು ಯಾಜಕಕಾಂಡದ ಕಟ್ಟಳೆ. ಹೊಲದ ಒಡೆಯನ ಕೃಪೆಗಾಗಿ ಕಾಯುತ್ತ ಕೂಡದೆ ಕಟ್ಟಳೆ ಕೊಟ್ಟ ಹಕ್ಕನ್ನು ಬಳಸಿಕೊಳ್ಳಲು ರೂತಳು ತಾನಾಗಿ ಹೊರಟಳು, ಸಂಜೆಗೆ ಒಂದು ಏಫಾದಷ್ಟು, ಎಂದರೆ ಇಪ್ಪತ್ತು ಲೀಟರಿಗೂ ಮೇಲೆ, ಕಾಳು ಬಡಿದು ತಂದಳು. ಬೋವಜನ ಔದಾರ್ಯದ ಮೇಲೆ ಪ್ರಸಂಗ ಮಾಡುವವರು ಈ ಲೆಕ್ಕವನ್ನು ಹೇಳುವುದು ಅಪರೂಪ.

ಮರುದಿನ ಶನಿವಾರ. ಯೆರೂಸಲೇಮಿನ ಪಶ್ಚಿಮದ ಅಂಚಿನ ಐನ್ ಕಾರೆಮ್ ಹಳ್ಳಿಯಲ್ಲಿ, ಮರಿಯಳ ಬುಗ್ಗೆಯಿಂದ ಮೆಟ್ಟಿಲು ಹತ್ತಿ ಭೇಟಿಯ ದೇವಾಲಯಕ್ಕೆ ಹೋದೆವು. ಗರ್ಭಿಣಿಯಾದ ಮರಿಯಳು ತನ್ನ ಬಂಧು, ಮುಪ್ಪಿನಲ್ಲಿ ಬಸುರಾದ ಎಲಿಸಬೇತಳನ್ನು ನೋಡಲು ಬಂದದ್ದು ಇಲ್ಲಿಗೆಂದು ನಂಬಿಕೆ. ಇಟಲಿಯ ವಾಸ್ತುಶಿಲ್ಪಿ ಆಂಟೋನಿಯೋ ಬಾರ್ಲುಜ್ಜಿ ಕಟ್ಟಿದ ಈ ದೇವಾಲಯದ ಅಂಗಳದಲ್ಲಿ ಇಬ್ಬರು ಬಸುರಿಯರು ಎದುರುಬದುರು ನಿಂತ ಪ್ರತಿಮೆಗಳಿವೆ. ಗೋಡೆಯುದ್ದಕ್ಕೂ ಮರಿಯಳ ಕೀರ್ತನೆಯನ್ನು ಹಲವು ಭಾಷೆಗಳಲ್ಲಿ ಹೆಂಚಿನ ಫಲಕಗಳ ಮೇಲೆ ಬರೆಸಿದ್ದಾರೆ. ಬಲಿಷ್ಠರನ್ನು ಸಿಂಹಾಸನದಿಂದ ಇಳಿಸುವ, ಹಸಿದವರನ್ನು ತೃಪ್ತಿಪಡಿಸಿ ಐಶ್ವರ್ಯವಂತರನ್ನು ಬರಿಗೈಯಲ್ಲಿ ಕಳುಹಿಸುವ ದೇವರನ್ನು ಹಾಡುವ ಆ ಕೀರ್ತನೆ, ಕ್ರಿಸ್ಮಸ್ ನಾಟಕಗಳಲ್ಲಿ ನೀಲಿ ಸೆರಗು ಹೊದ್ದು ತಲೆ ತಗ್ಗಿಸಿ ಕೂಡುವ ನಮ್ಮ ಮರಿಯಳ ಬಾಯಿಗೆ ಎಂದೂ ಬರುವುದಿಲ್ಲ.

ಅಂಗಳದಲ್ಲಿ ನಮ್ಮ ಮಾತು ಕೇಳಿ ಒಬ್ಬ ಹೆಣ್ಣುಮಗಳು ಹತ್ತಿರ ಬಂದಳು. ದಕ್ಷಿಣ ಕನ್ನಡದವಳು, ಕಥೋಲಿಕಳು, ಇಸ್ರೇಲಿನ ಮನೆಗಳಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಕರಾವಳಿಯಿಂದಲೂ ಕೇರಳದಿಂದಲೂ ಹೋಗಿರುವ ಸಾವಿರಾರು ಜನರಲ್ಲಿ ಒಬ್ಬಳು. ಶನಿವಾರ ಅವಳಿಗೆ ರಜೆ. ಮಗಳು ಮೂರನೆಯ ತರಗತಿಯಲ್ಲಿದ್ದಾಗ ಬಂದವಳು. ಗಂಡನನ್ನೂ ಮಗಳನ್ನೂ ಕರೆಸಿಕೊಳ್ಳಲು ವೀಸಾ ನಿಯಮ ಬಿಡುವುದಿಲ್ಲ. ಹಿಂದಿನ ದಿನ ರೂತಳ ಹೊಲ ನೋಡಿಬಂದೆವೆಂದು ನಾವು ಹೇಳಿದಾಗ ಅವಳು ನಕ್ಕಳು: “ರೂತಳ ಅತ್ತೆಗೆ ಮೋವಾಬಿನ ಭಾಷೆಯಾದ್ರೂ ಬರ್ತಿತ್ತು ಆಂಟಿ, ಹತ್ತು ವರ್ಷ ಅಲ್ಲಿ ಇದ್ದವರಲ್ವಾ. ನಾನು ಹೀಬ್ರೂ ಕಲಿತದ್ದು ಅಜ್ಜಿಯ ಬೈಗುಳದಿಂದ.” ಅವಳು ನೋಡಿಕೊಳ್ಳುವ ಅಜ್ಜಿಗೆ ತೊಂಬತ್ತು ದಾಟಿದೆ, ಮರೆವು ಹತ್ತಿದೆ. ಶುಕ್ರವಾರ ಸಂಜೆ ಸಬ್ಬತ್ತಿನ ದೀಪ ಹಚ್ಚುವ ಪ್ರಾರ್ಥನೆಯನ್ನು ಅಜ್ಜಿ ಮರೆತಲ್ಲಿ ಇವಳೇ ಎತ್ತಿಕೊಡುತ್ತಾಳೆ. ರೂತಳ ಪುಸ್ತಕಕ್ಕೆ ನಾನು ಕೇಳಿದ ವ್ಯಾಖ್ಯಾನಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಬೇಥಾನ್ಯಕ್ಕೆ ಹೋಗುವ ದಾರಿ ಒಂದು ವಿಚಿತ್ರ. ಎಣ್ಣೆಮರಗಳ ಗುಡ್ಡದ ಬೆನ್ನಿಗಿರುವ ಈ ಊರು, ಈಗಿನ ಅಲ್ ಐಜಾರಿಯಾ, ಹಿಂದೆ ಯೆರೂಸಲೇಮಿನಿಂದ ನಡೆದುಹೋಗುವಷ್ಟು ಹತ್ತಿರ. ಇಸ್ರೇಲ್ ಕಟ್ಟಿದ ಪ್ರತ್ಯೇಕತಾ ಗೋಡೆ ಅಡ್ಡ ಬಂದಮೇಲೆ ಬಸ್ಸು ದೊಡ್ಡ ಸುತ್ತು ಹಾಕಬೇಕು. ಯೇಸು ಸಾವಿನಿಂದ ಎಬ್ಬಿಸಿದನೆನ್ನುವ ಲಾಜರನ ಸಮಾಧಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳು ಸವೆದು ಏರುಪೇರಾಗಿವೆ, ಒಬ್ಬರ ಹಿಂದೊಬ್ಬರು ಗೋಡೆ ಹಿಡಿದು ಇಳಿಯಬೇಕು. ಮೇಲೆ ಬಂದು ಯೋಹಾನನ 11ನೆಯ ಅಧ್ಯಾಯ ಓದಿದೆವು. ಲಾಜರನ ಅಕ್ಕ ಮಾರ್ಥಳೆಂದರೆ ಅಡುಗೆಮನೆಯಲ್ಲಿ ಗೊಣಗುವವಳೆಂಬ ಚಿತ್ರವೇ ನಮ್ಮ ತಲೆಯಲ್ಲಿ ಕೂತಿದೆ. ಯೋಹಾನನಲ್ಲಿ ಅವಳು ಊರ ಹೊರಗೇ ಯೇಸುವನ್ನು ಎದುರುಗೊಂಡು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲವೆಂದು ಮುಖಕ್ಕೆ ಹೇಳುತ್ತಾಳೆ. ಆ ದೂರಿನ ಬೆನ್ನಿಗೇ ಅವನು ದೇವಕುಮಾರನಾದ ಕ್ರಿಸ್ತನೆಂದು ಅರಿಕೆ ಮಾಡುತ್ತಾಳೆ. ಹೆಚ್ಚು ಕಡಿಮೆ ಇದೇ ಅರಿಕೆಯನ್ನು ಮತ್ತಾಯನ ಸುವಾರ್ತೆಯಲ್ಲಿ ಪೇತ್ರನು ಮಾಡಿದಾಗ ಅವನಿಗೆ ಪರಲೋಕರಾಜ್ಯದ ಬೀಗದಕೈಗಳು ದೊರೆಯುತ್ತವೆ. ಮಾರ್ಥಳಿಗೆ ನಾವು ಕೊಟ್ಟದ್ದು ಸಭೆಯ ಊಟದ ದಿನದ ಅಡುಗೆ ಜವಾಬ್ದಾರಿ.

ಉತ್ತರಕ್ಕೆ ನಾಬ್ಲುಸ್ ಕಡೆ ಹೋಗುವ ಹೆದ್ದಾರಿಯಲ್ಲಿ ಹನ್ನಳು ಮಗುವಿಗಾಗಿ ಪ್ರಾರ್ಥಿಸಿದ ಶೀಲೋ ಎಂಬ ಊರಿನ ಫಲಕ ಕಂಡಿತು, ಬಸ್ಸು ನಿಲ್ಲಿಸಲಿಲ್ಲ. ಬೆತ್ಲೆಹೇಮಿನ ಹಾಲಿನ ಗವಿಯಲ್ಲಿ, ಮಕ್ಕಳಾಗಲೆಂದು ಹರಸಿಕೊಂಡು ಅಲ್ಲಿನ ಬಿಳಿಯ ಸುಣ್ಣಕಲ್ಲಿನ ಪುಡಿಯನ್ನು ಒಯ್ದವರು ಕಳುಹಿಸಿದ ಕೂಸುಗಳ ಫೋಟೋಗಳನ್ನು ನೋಡಿಬಂದಿದ್ದರಿಂದ ಎಲ್ಲರಿಗೂ ಹನ್ನಳ ನೆನಪಾಯಿತು. ಮಕ್ಕಳಿಲ್ಲದವರಿಗೆ ‘ಹನ್ನಳ ಹಾಗೆ ಪ್ರಾರ್ಥನೆ ಮಾಡು’ ಎಂದು ಹೇಳುವುದು ನಮ್ಮ ಸಭೆಗಳಲ್ಲಿ ರೂಢಿ. ಹೇಳುವವರಿಗೆ ಅದು ಸಮಾಧಾನ, ಕೇಳುವವರಿಗೆ ಗಾಯ. ತುಟಿ ಮಾತ್ರ ಅಲುಗುತ್ತಿದ್ದ ಹನ್ನಳನ್ನು ಯಾಜಕನಾದ ಏಲಿ ಕುಡಿದವಳೆಂದು ಗದರಿದ್ದೂ, ಅವಳು ಹಾಗಲ್ಲವೆಂದು ತಿದ್ದಿದ್ದೂ, ಅವನು ತಿದ್ದಿಕೊಂಡು ಆಶೀರ್ವದಿಸಿದ್ದೂ ಅದೇ ಅಧ್ಯಾಯದಲ್ಲಿದೆ. ಅಯ್ಯನವರೇ ಇದನ್ನು ಎತ್ತಿ ಹೇಳಿದರೆಂಬುದನ್ನು ಇಲ್ಲಿ ದಾಖಲಿಸಬೇಕು.

ಯಾತ್ರೆಯ ಅನೇಕ ತಂಡಗಳು ನಾಬ್ಲುಸನ್ನು ಬಿಟ್ಟುಬಿಡುತ್ತವೆ. ಊರಿಗೆ ಹೋಗುವ ದಾರಿಯಲ್ಲಿ ಇಸ್ರೇಲಿ ಪ್ರಜೆಗಳಿಗೆ ಪ್ರವೇಶವಿಲ್ಲವೆಂಬ ಕೆಂಪು ಫಲಕವಿದೆ. ನಮ್ಮ ಮಾರ್ಗದರ್ಶಿ ಬೆತ್ಲೆಹೇಮಿನ ಪ್ಯಾಲೆಸ್ತೀನಿಯನಾದ್ದರಿಂದ ತೊಂದರೆಯಾಗಲಿಲ್ಲ. 1950ರಲ್ಲಿ ಶುರುವಾದ ಬಲಾಟಾ ನಿರಾಶ್ರಿತರ ಶಿಬಿರದ ಪಕ್ಕದಲ್ಲೇ ಯಾಕೋಬನ ಬಾವಿ. ಅದರ ಮೇಲೆ ಗ್ರೀಕ್ ಆರ್ಥೊಡಾಕ್ಸ್ ಸಭೆಯ ದೊಡ್ಡ ದೇವಾಲಯವಿದೆ. ಮೊದಲ ಮಹಾಯುದ್ಧದಲ್ಲಿ ನಿಂತುಹೋದ ಕಟ್ಟಡ ಪೂರ್ತಿಯಾದದ್ದು ಈ ಶತಮಾನದಲ್ಲಿ. ದೇವಾಲಯಕ್ಕೆ ಸಂತ ಫೋಟೀನಿಯ ಹೆಸರು. ಈ ಬಾವಿಯ ಬಳಿ ಯೇಸುವಿನೊಡನೆ ಮಾತಾಡಿದ, ಯೋಹಾನನು ಹೆಸರಿಸದೆ ಬಿಟ್ಟ ಸಮಾರ್ಯದ ಹೆಂಗಸಿಗೆ ಪೂರ್ವದ ಸಭೆ ಇಟ್ಟ ಹೆಸರು ಅದು.

ಬಾವಿ ಇರುವುದು ನೆಲಮಾಳಿಗೆಯಲ್ಲಿ. ಇಕ್ಕಟ್ಟಾದ ಮೆಟ್ಟಿಲಿಳಿದರೆ ಮೇಣದ ವಾಸನೆ, ತೂಗುದೀಪಗಳು, ನಡುವೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅದರ ಮೇಲೆ ಗಡಗಡೆ, ಹಗ್ಗ ಮತ್ತು ಸಣ್ಣ ಕೊಳಗ. ಕಟ್ಟೆಯ ಬಾಯಿಯನ್ನು ಸವರಿದರೆ ಹಗ್ಗಗಳು ಕೊರೆದ ಗೀರುಗಳು ಬೆರಳಿಗೆ ಸಿಗುತ್ತವೆ. ಸಂನ್ಯಾಸಿಯೊಬ್ಬರು ಲೋಟದ ನೀರನ್ನು ಬಾವಿಗೆ ಸುರಿದು ಕಿವಿಗೊಡುವಂತೆ ಸನ್ನೆ ಮಾಡಿದರು. ಇನ್ನು ಸದ್ದು ಬರಲಿಕ್ಕಿಲ್ಲವೆಂದು ನಾವು ತಲೆಯೆತ್ತುವ ಹೊತ್ತಿಗೆ ಕೆಳಗಿನಿಂದ ಚಳಕ್ ಎಂದಿತು. ಸುಮಾರು 40 ಮೀಟರ್ ಆಳ. ‘ಬಾವಿ ಆಳವಾಗಿದೆ, ಸೇದುವುದಕ್ಕೆ ನಿನ್ನಲ್ಲಿ ಏನೂ ಇಲ್ಲ’ ಎಂಬ ಆ ಹೆಂಗಸಿನ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ನಾವೂ ಸರದಿಯಲ್ಲಿ ಸೇದಿ ಕುಡಿದೆವು; ತಣ್ಣಗೆ, ರುಚಿಯಾಗಿತ್ತು.

ನನಗೆ ಹೆಚ್ಚು ತಿಳಿವಳಿಕೆ ಕೊಟ್ಟದ್ದು ಮಾತ್ರ ಹೊರಗಿನ ಅಂಗಳ. ಅಲ್ಲಿ ತಲೆಯೆತ್ತಿದರೆ ಗೆರಿಜ್ಜೀಮ್ ಬೆಟ್ಟ ಮೈಮೇಲೆ ಬಂದಂತೆ ನಿಂತಿದೆ. ಸಮಾರ್ಯದವರ ದೇವಾಲಯವಿದ್ದ ಬೆಟ್ಟ ಅದು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಕೊನೆಯಲ್ಲಿ ಯೂದಾಯವನ್ನು ಆಳುತ್ತಿದ್ದ ಮಹಾಯಾಜಕ ಜಾನ್ ಹಿರ್ಕಾನಸ್ ಅದನ್ನು ಕೆಡವಿಸಿದ. ಇಂದು ಒಟ್ಟು ಸಾವಿರಕ್ಕೂ ಕಡಿಮೆ ಇರುವ ಸಮಾರ್ಯದವರು ಈಗಲೂ ಪಸ್ಕ ಹಬ್ಬದ ಬಲಿಯನ್ನು ಅಲ್ಲೇ ಕೊಡುತ್ತಾರೆ. ನಮ್ಮ ಹಿರಿಯರು ಆರಾಧಿಸಿದ್ದು ಈ ಬೆಟ್ಟದ ಮೇಲೆ, ನೀವೋ ಯೆರೂಸಲೇಮಿನಲ್ಲಿ ಎನ್ನುತ್ತೀರಿ ಎಂದು ಆಕೆ ಕೇಳಿದಾಗ, ಕೈಯೆತ್ತಿ ತೋರಿಸುವಷ್ಟು ಹತ್ತಿರದಲ್ಲಿ ಆ ಹಾಳುಬಿದ್ದ ದೇವಾಲಯವಿತ್ತು. ತನ್ನ ಜನರ ದೇವಾಲಯವನ್ನು ಕೆಡವಿದ ಜನಕ್ಕೆ ಸೇರಿದವನೊಡನೆ ಆಕೆ ಆರಾಧನೆಯ ಕುರಿತು ವಾದಕ್ಕೆ ನಿಂತಿದ್ದಾಳೆ. ಹಿಂದಿನ ಅಧ್ಯಾಯದಲ್ಲಿ ರಾತ್ರಿ ಹೊತ್ತು ಬಂದ ಪಂಡಿತ ನಿಕೊದೇಮನು ಎರಡು ಮೂರು ಪ್ರಶ್ನೆ ಕೇಳಿ ಮೌನವಾಗುತ್ತಾನೆ. ನಡುಹಗಲಿನಲ್ಲಿ ಈಕೆ ಬಿಡದೆ ಕೇಳುತ್ತಾಳೆ, ಯೇಸುವೂ ಬಿಡದೆ ಉತ್ತರಿಸುತ್ತಾನೆ.

ಆದರೆ ಚಿಕ್ಕಂದಿನಿಂದ ನಾವು ಕೇಳಿದ ಪ್ರಸಂಗಗಳೆಲ್ಲ ಅವಳ ಐದು ಗಂಡಂದಿರಲ್ಲೇ ಮುಗಿಯುತ್ತಿದ್ದವು. ನಾಚಿಕೆಯಿಂದ ಮಧ್ಯಾಹ್ನ ಬಂದಳೆಂದು ಹೇಳುತ್ತಾರೆ. ಸುವಾರ್ತೆಯಲ್ಲಿ ಆ ಮಾತಿಲ್ಲ. ಮದುವೆ ಮುರಿಯುವ ತ್ಯಾಗಪತ್ರ ಬರೆದುಕೊಡುವ ಅಧಿಕಾರ ಮೋಶೆಯ ಧರ್ಮಶಾಸ್ತ್ರದಲ್ಲಿ ಗಂಡಸಿನದು. ಐವರಲ್ಲಿ ಎಷ್ಟು ಜನ ಸತ್ತರೋ, ಎಷ್ಟು ಜನ ಬಿಟ್ಟರೋ ಬರೆದಿಲ್ಲ. ಯೇಸು ಅವಳನ್ನು ಪಾಪಿಯೆಂದೂ ಕರೆದಿಲ್ಲ, ಇನ್ನು ಮೇಲೆ ಪಾಪ ಮಾಡಬೇಡವೆಂದೂ ಹೇಳಿಲ್ಲ. ಅವಳು ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಹೋಗಿ ಹೇಳಿದಳು, ಊರಿನವರು ಅವಳ ಮಾತಿನ ಮೇಲೆ ನಂಬಿದರು. ಸಮಾರ್ಯದ ಆ ಹಳ್ಳಿಯವರು ಕಿವಿಗೊಟ್ಟಷ್ಟು ಶಿಷ್ಯರು ಕೊಡಲಿಲ್ಲ. ಸಮಾಧಿ ಬರಿದಾಗಿದೆಯೆಂದು ಹೆಂಗಸರು ತಂದ ಸುದ್ದಿ ಅವರಿಗೆ ಹರಟೆಯಾಗಿ ಕಂಡಿತೆಂದು ಲೂಕನೇ ಬರೆಯುತ್ತಾನೆ.

ಗಲಿಲಾಯ ಸಮುದ್ರದ ಪಶ್ಚಿಮ ದಡದಲ್ಲಿ, ತಿಬೇರಿಯಕ್ಕೆ ಸ್ವಲ್ಪ ಉತ್ತರಕ್ಕಿರುವ ಮಗ್ದಲ ನಮ್ಮ ಕೊನೆಯ ನಿಲುಗಡೆ. 2009ರಲ್ಲಿ ಯಾತ್ರಿಕರ ವಸತಿಗೃಹಕ್ಕೆ ನೆಲ ಅಗೆಯುವ ಮೊದಲು ಪರೀಕ್ಷೆಗೆಂದು ತೋಡಿದಾಗ ಮೊದಲನೆಯ ಶತಮಾನದ ಸಭಾಮಂದಿರವೊಂದು ಸಿಕ್ಕಿತು. ಏಳು ಕವಲಿನ ದೀಪಸ್ತಂಭ ಕೆತ್ತಿದ ಕಲ್ಲೂ, ಕ್ರಿಸ್ತಶಕ 29ರ ನಾಣ್ಯವೂ ಅದರೊಳಗಿದ್ದವು. ಪಕ್ಕದಲ್ಲಿ ಮಾರುಕಟ್ಟೆಯ ಬೀದಿ, ಮೀನು ಸಂಸ್ಕರಿಸುವ ತೊಟ್ಟಿಗಳು, ಈಗಲೂ ನೀರು ಜಿನುಗುವ ಶುದ್ಧೀಕರಣದ ಕೊಳಗಳು. ಉಪ್ಪುಮೀನಿನ ವ್ಯಾಪಾರದಿಂದ ಹಣ ಕಂಡ ಊರಿದು. ಮಗ್ದಲದ ಮರಿಯಳೂ, ಹೆರೋದನ ಮೇಲ್ವಿಚಾರಕ ಕೂಜನ ಹೆಂಡತಿ ಯೋಹಾನಳೂ, ಸುಸನ್ನಳೂ ತಮ್ಮ ಸ್ವಂತ ಆಸ್ತಿಯಿಂದ ಯೇಸುವಿನ ತಂಡವನ್ನು ನಡೆಸುತ್ತಿದ್ದರೆಂದು ಲೂಕನು 8ನೆಯ ಅಧ್ಯಾಯದಲ್ಲಿ ಬರೆದದ್ದು ಈ ತೊಟ್ಟಿಗಳ ನಡುವೆ ನಿಂತಾಗ ಲೆಕ್ಕಪತ್ರದ ಮಾತಾಗಿ ಕೇಳಿಸುತ್ತದೆ. ಮಗ್ದಲದ ಮರಿಯಳನ್ನು ಹೆಸರಿಲ್ಲದ ಪಾಪಿ ಹೆಂಗಸಿನೊಡನೆ ಒಂದುಗೂಡಿಸಿ 591ರಲ್ಲಿ ಪ್ರಸಂಗ ಮಾಡಿದವರು ಪೋಪ್ ಮಹಾ ಗ್ರೆಗರಿ. 2016ರಲ್ಲಿ ಪೋಪ್ ಫ್ರಾನ್ಸಿಸ್ ಆಕೆಯ ಸ್ಮರಣೆಯ ದಿನವನ್ನು ಅಪೊಸ್ತಲರ ದಿನಗಳ ಸಾಲಿನ ಹಬ್ಬಕ್ಕೆ ಏರಿಸಿದರು. ನಮ್ಮೂರ ಶುಭ ಶುಕ್ರವಾರದ ನಾಟಕದಲ್ಲಿ ಅವಳು ಇನ್ನೂ ಕೂದಲು ಬಿಚ್ಚಿಕೊಂಡೇ ಬರುತ್ತಾಳೆ.

ಉತ್ಖನನದ ಪಕ್ಕದಲ್ಲಿರುವ ಹೊಸ ದೇವಾಲಯದ ಮುಂಗೋಣೆಯಲ್ಲಿ ಎಂಟು ಕಂಬಗಳಿವೆ. ಏಳರ ಮೇಲೆ ಸುವಾರ್ತೆಗಳ ಸ್ತ್ರೀಯರ ಹೆಸರುಗಳು. ಎಂಟನೆಯದನ್ನು ಎಲ್ಲ ಕಾಲದ ವಿಶ್ವಾಸಿ ಸ್ತ್ರೀಯರಿಗಾಗಿ ಬರಿದೇ ಬಿಟ್ಟಿದ್ದಾರೆ. ಅಲ್ಲಿನ ಸ್ವಯಂಸೇವಕಿ ಲೂಕನ ಆ ವಚನವನ್ನು ಓದಿ ಮುಗಿಸಿದಾಗ, ತಂಡದ ಲೆಕ್ಕ ನೋಡುತ್ತಿದ್ದ ಸಭಾ ಹಿರಿಯರೊಬ್ಬರು, “ಅಂದ್ರ ಖಜಾನೆ ಹೆಣ್ಣುಮಕ್ಕಳ ಕೈಯಾಗೇ ಇತ್ತು ಅನ್ನರಿ” ಎಂದು ತಮಾಷೆ ಮಾಡಿದರು. ನಿವೃತ್ತ ಶಿಕ್ಷಕಿಯೊಬ್ಬರು ತಡಮಾಡಲಿಲ್ಲ: “ಈಗೂ ಕಾಣಿಕೆ ನಮ್ಮದೇ ಐತ್ರಿ. ಮೀಟಿಂಗಿಗೆ ಕರಿಯೂದಷ್ಟೇ ಮರತೀರಿ.”

ಟೆಲ್ ಅವೀವ್ ಕಡೆಗೆ ಹೊರಟ ಬಸ್ಸಿನಲ್ಲಿ ಮಾತು ಅಲ್ಲಿಂದಲೇ ಬೆಳೆಯಿತು. 2013ರಲ್ಲಿ ದಕ್ಷಿಣ ಭಾರತ ಸಭೆ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರನ್ನು ತನ್ನ ಮೊದಲ ಮಹಿಳಾ ಬಿಷಪ್ಪರನ್ನಾಗಿ ಮಾಡಿದ್ದನ್ನು ಒಬ್ಬರು ನೆನಪಿಸಿದರು. ಬಿಷಪ್ಪರ ಮಾತು ಆಮೇಲಾಗಲಿ, ನಮ್ಮ ಸಭಾ ಸಮಿತಿಯಲ್ಲಿ ಎಷ್ಟು ಹೆಂಗಸರಿದ್ದಾರೆ, ಹೆಸರಿಗೆ ಇದ್ದವರಲ್ಲಿ ಬಾಯಿ ತೆರೆದವರು ಎಷ್ಟು ಎಂದು ಇನ್ನೊಬ್ಬರು ಕೇಳಿದರು. ಮುಂದಿನ ಚುನಾವಣೆಗೆ ಶಿಕ್ಷಕಿಯ ಹೆಸರನ್ನು ಸೂಚಿಸುವುದೆಂದೂ, ಅನುಮೋದಿಸುವವರು ಆ ಲೆಕ್ಕದ ಹಿರಿಯರೇ ಆಗಬೇಕೆಂದೂ ತೀರ್ಮಾನವಾಯಿತು. ಅವರು ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲೂ ನೋಡೋಣ ನೋಡೋಣ ಎನ್ನುತ್ತಲೇ ಇದ್ದರು. ಶಿಕ್ಷಕಿ ಮಾತ್ರ ಪಾಸ್‌ಪೋರ್ಟಿನ ಜೊತೆಗಿದ್ದ ಚೀಟಿಯ ಮೇಲೆ ಅನುಮೋದಕರ ಹೆಸರು ಬರೆದು, ಸಹಿಗೆ ಜಾಗ ಬಿಟ್ಟು, ಅವರ ಕೈಗೆ ಪೆನ್ನು ಕೊಟ್ಟರು.