ಮರದ ಕರ್ನಾಟಕ: ಮೊಳಕಾಲ್ಮೂರು ಕೊನೆಗೂ ಮುರಿಯದೆ ನಿಂತಿತು

ನಿಂತಿತು ಕಣ್ರೀ! ನನ್ನ ಮರದ ನಕ್ಷೆಯಲ್ಲಿ ಮೂರು ಸಲ ಮುರಿದ ಮೊಳಕಾಲ್ಮೂರು ತಾಲ್ಲೂಕಿನ ತುಂಡು ನಾಲ್ಕನೇ ಸಲಕ್ಕೆ ನಿಂತಿತು. ನಿನ್ನೆ ರಾತ್ರಿ ಹನ್ನೊಂದಕ್ಕೆ ತುಂಡುಗಳನ್ನು ಕೂರಿಸಿ, ಹಲಗೆಯನ್ನು ಎತ್ತಿ ಅಲುಗಾಡಿಸಿದೆ. ಬೆಳಗ್ಗೆ ಎದ್ದವನೇ ಮತ್ತೆ ಹೋಗಿ ನೋಡಿದೆ. ಹಾಗೇ ಇದೆ.

ಹೊಸದಾಗಿ ಓದುವವರಿಗೆ ಎರಡು ಮಾತು. 1956ರ ನವೆಂಬರ್ 1ಕ್ಕೆ ಐದು ಆಡಳಿತಗಳ ನಾಡು ಒಂದಾಯಿತಲ್ಲ, ಅದನ್ನು ಬಿಡಿಸಿ ಮತ್ತೆ ಜೋಡಿಸುವಂಥ ಮರದ ನಕ್ಷೆ ಮಾಡುತ್ತಿದ್ದೇನೆ. ಒಂದು ಕಿಲೋಮೀಟರಿಗೆ ಒಂದು ಮಿಲಿಮೀಟರ್. ಹಳೇ ಮೈಸೂರಿಗೆ ತೇಗ. ಮುಂಬಯಿಯಿಂದ ಬಂದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡಕ್ಕೆ ಹಲಸು. ಹೈದರಾಬಾದಿನಿಂದ ಬಂದ ಬೀದರ್, ಗುಲ್ಬರ್ಗಾ, ರಾಯಚೂರಿಗೆ ಬೀಟೆ, ಅದು ಅಜ್ಜನ ಕಾಲದ ಮುರಿದ ಮಂಚದ ಹಲಗೆ. ಕೊಡಗಿಗೆ ಹೊನ್ನೆ. ಮದರಾಸಿನಿಂದ ಬಂದ ದಕ್ಷಿಣ ಕನ್ನಡ, ಕೊಳ್ಳೇಗಾಲ, ಬಳ್ಳಾರಿಗೆ ನಮ್ಮ ತೋಟದ್ದೇ ಸಿಲ್ವರ್ ಓಕ್. ನಕ್ಷೆ ಅಂಟಿಸಿದ್ದು, ಉಪ್ಪುಕಾಗದ ಉಜ್ಜಿದ್ದು ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ನಕ್ಷೆಯಲ್ಲಿ ಮೊಳಕಾಲ್ಮೂರನ್ನು ಒಮ್ಮೆ ನೋಡಿ. ಚಳ್ಳಕೆರೆಯ ಮೇಲಿಂದ ಎತ್ತಿದ ಬೆರಳಿನ ಹಾಗೆ ಉತ್ತರಕ್ಕೆ ಚಾಚಿಕೊಂಡಿದೆ. ಅದು ಮೈಸೂರು ಸಂಸ್ಥಾನದ ತಾಲ್ಲೂಕು. ಅಶೋಕನ ಶಾಸನ ಸಿಕ್ಕ ಬ್ರಹ್ಮಗಿರಿ ಇರುವುದು ಅಲ್ಲೇ. ನನ್ನ ಅಳತೆಯಲ್ಲಿ ಅದೊಂದು ಪುಟ್ಟ ತೇಗದ ಚೂರು. ಪಕ್ಕಕ್ಕೆ ಬಳ್ಳಾರಿ ತುಂಡನ್ನು ಒತ್ತಿ ಕೂರಿಸಿದರೆ ಸಾಕು, ಟಕ್ ಅಂತ ಬುಡಕ್ಕೇ ಮುರಿಯುತ್ತಿತ್ತು.

ಮೊದಲ ಸಲ ಮರದ ಎಳೆ ಅಡ್ಡಡ್ಡ ಬಂದಿದೆ ಅಂದುಕೊಂಡೆ. ಎಳೆ ಉದ್ದಕ್ಕೆ ಬರುವ ಹಾಗೆ ಹಲಗೆ ತಿರುಗಿಸಿ ಇಡೀ ಹಳೇ ಮೈಸೂರನ್ನು ಹೊಸದಾಗಿ ಕೊಯ್ದೆ. ಒಂಬತ್ತು ಜಿಲ್ಲೆ, ನಾಲ್ಕು ಭಾನುವಾರ. ಮತ್ತೆ ಮುರಿಯಿತು. ಮೂರನೇ ಸಲ ಹಿಂದೆ ತೆಳು ಪ್ಲೈವುಡ್ ಅಂಟಿಸಿದೆ. ಆಗ ಚಿಕ್ಕಮಗಳೂರಿನಲ್ಲಿ ಜಡಿಮಳೆ. ಸಿಲ್ವರ್ ಮರ ತೇವ ಕುಡಿದು ಉಬ್ಬಿತ್ತು. ಬಳ್ಳಾರಿ ಬಿಗಿಯಾಗಿ ಒತ್ತಿದ್ದಕ್ಕೆ ಈ ಸಲ ಪ್ಲೈವುಡ್ಡಿನ ಸಮೇತ ಹೋಯಿತು. ಸಾಲದ್ದಕ್ಕೆ ಗರಗಸದ ಬ್ಲೇಡ್ ಕಳಿಸಿದವರು ಸಣ್ಣ ಹಲ್ಲಿನದ್ದು ಕೇಳಿದರೆ ಒರಟು ಹಲ್ಲಿನದ್ದು ಕೊಟ್ಟಿದ್ದರು. ಫೋನ್ ಮಾಡಿದರೆ ‘ಎರಡೂ ಒಂದೇ ಸಾರ್’ ಅಂದರು. ಒಂದೇ ಹೇಗಾಗುತ್ತದೆ? ನಮ್ಮ ಕೆಲಸವೆಲ್ಲ ನಿಂತಿರುವುದೇ ಆ ಹಲ್ಲಿನ ಮೇಲೆ ಅಲ್ವಾ?

ಹದಿನೈದು ದಿನ ಮುಟ್ಟಲಿಲ್ಲ. ಆಮೇಲೊಂದು ರಾತ್ರಿ ಸುಮ್ನೆ ಹಳೇ ಮದರಾಸು ಪ್ರಾಂತ್ಯದ ನಕ್ಷೆ ನೋಡುತ್ತಾ ಕೂತಿದ್ದೆ. ಮೊಳಕಾಲ್ಮೂರಿನ ಪಶ್ಚಿಮಕ್ಕೆ ಬಳ್ಳಾರಿ ಜಿಲ್ಲೆ. ಉತ್ತರಕ್ಕೂ ಬಳ್ಳಾರಿ ಜಿಲ್ಲೆ. ಪೂರ್ವಕ್ಕೂ ಬಳ್ಳಾರಿ ಜಿಲ್ಲೆಯೇ! ಅಲ್ಲಿರುವುದು ರಾಯದುರ್ಗ.

ನಾನು ಕೊಯ್ದದ್ದು 1956ರ ಗೆರೆ ನೋಡಿ. ಅದರಲ್ಲಿ ರಾಯದುರ್ಗ ಇಲ್ಲ. ಹಾಗಾಗಿ ನನ್ನ ಹಲಗೆಯಲ್ಲಿ ಮೊಳಕಾಲ್ಮೂರಿನ ಪೂರ್ವಕ್ಕೆ ಬರೀ ಗಾಳಿ. ಈ ಕಡೆಯಿಂದ ಬಳ್ಳಾರಿ ತಳ್ಳುತ್ತಿದೆ, ಆ ಕಡೆ ತಡೆಯುವವರೇ ಇಲ್ಲ. ಯಾವ ಮರವಾದರೂ ಮುರಿಯಲೇಬೇಕು.

ಬಳ್ಳಾರಿಯ ಗೆರೆ ಉಳಿದ ಕಡೆಯ ಹಾಗೆ 1956ರಲ್ಲಿ ಬಿದ್ದದ್ದಲ್ಲ. ತೆಲುಗರಿಗೆ ಬೇರೆ ರಾಜ್ಯ ಬೇಕು ಅಂತ ಕೂತ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಲ್ಲೇ ತೀರಿಕೊಂಡದ್ದು 1952ರ ಡಿಸೆಂಬರ್ 15ರಂದು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಯಿತು. ಅವತ್ತೇ ಬಳ್ಳಾರಿ ಜಿಲ್ಲೆಯನ್ನು ಕೊಯ್ದರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಉಳಿದ ಏಳು ತಾಲ್ಲೂಕು ಮೈಸೂರಿಗೆ. ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನುವ ಜಗಳಕ್ಕೇ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರನ್ನು ಕೂರಿಸಬೇಕಾಯಿತು. ಅವರು ಮೈಸೂರಿಗೆ ಅಂದರು. ಅಷ್ಟಕ್ಕೇ ಮುಗಿಯಲಿಲ್ಲ. 1955ರಲ್ಲಿ ರಾಜ್ಯಗಳ ಗಡಿ ಮರುವಿಂಗಡಿಸಲು ಕೂರಿಸಿದ್ದ ಫಜಲ್ ಅಲಿ ಆಯೋಗ ತುಂಗಭದ್ರಾ ಯೋಜನೆಯನ್ನು ಮುಂದಿಟ್ಟು, ಜಿಲ್ಲೆಯ ಒಂದು ಭಾಗವನ್ನು ಮತ್ತೆ ಆಂಧ್ರಕ್ಕೆ ಕೊಡಿ ಅಂದಿತು. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಮೂರು ವರ್ಷ ಆ ಊರುಗಳ ಜನ ‘ನಾವು ಯಾವ ರಾಜ್ಯ’ ಅನ್ನುವುದು ಗಟ್ಟಿಯಾಗದೆ ಬದುಕಿದ್ದಾರೆ. ನಾವು ಶಾಲೆಯಲ್ಲಿ ಏಕೀಕರಣ ಅಂತ ಒಂದೇ ದಿನ ನೆನಪಿಟ್ಟುಕೊಳ್ಳುತ್ತೇವೆ. ಬಳ್ಳಾರಿಗೆ ಆ ದಿನ ಬೇರೆ.

ಆಮೇಲೆ ಕೆಲಸ ಸಲೀಸಾಯಿತು. ಹತ್ತೂ ತಾಲ್ಲೂಕಿನ ಹಳೇ ಜಿಲ್ಲೆಯನ್ನು ಒಂದೇ ಸಿಲ್ವರ್ ಹಲಗೆಯಲ್ಲಿ ಬರೆದೆ. ಅಟ್ಟದ ಮೇಲೆ ಎಂಟು ದಿನ ಒಣಗಿಸಿದೆ. 1953ರ ಗೆರೆಯಲ್ಲಿ ಕೊಯ್ದೆ. ರಾಯದುರ್ಗವನ್ನು ಎರಡು ಬಿದಿರಿನ ಮೊಳೆ ಹೊಡೆದು ಕೆಳಗಿನ ಹಲಗೆಗೆ ಕಚ್ಚಿಸಿದೆ. ಈಗ ಎರಡೂ ಕಡೆ ಆಸರೆ ಇದೆ. ಮೊಳಕಾಲ್ಮೂರು ಕದಲುವುದಿಲ್ಲ.

ಬಳ್ಳಾರಿಯ ಹೊಟ್ಟೆಯಲ್ಲಿ ಸಂಡೂರು ಇನ್ನೊಂದು ಪರೀಕ್ಷೆ. ಸುತ್ತ ಮದರಾಸು, ನಡುವೆ ಘೋರ್ಪಡೆಯವರ ಸಂಸ್ಥಾನ. 1949ರಲ್ಲಿ ಅದು ಮದರಾಸಿಗೆ ಸೇರಿತು. ಅಂಚಿನಿಂದ ಬ್ಲೇಡ್ ತರುವ ಹಾಗಿಲ್ಲ, ಗೆರೆಯ ಮೇಲೇ ತೂತು ಕೊರೆದು ಪೋಣಿಸಬೇಕು. ತೂತು ಕಾಣದ ಹಾಗೆ ಮೂಲೆಯಲ್ಲಿ ಕೊರೆಯಿರಿ, ಅಷ್ಟೇ.

ಆದೋನಿ, ಆಲೂರು ಬಿಡಿ ತುಂಡುಗಳಾಗಿ ಉಳಿದವು. ಅವನ್ನು ಏನು ಮಾಡಲಿ ಅಂತ ಯೋಚಿಸುತ್ತಿರುವಾಗ ಪಕ್ಕದ ಮನೆ ಅಜ್ಜಿ ಬಂದರು. ಅವರ ತವರು ಆದೋನಿ ಅಂತ ನನಗೆ ಗೊತ್ತಿತ್ತು, ಹೊಳೆದಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು, ‘ನಮ್ಮೂರು ಎಲ್ಲೈತಪ್ಪಾ?’ ಅಂದರು. ತುಂಡನ್ನು ಕೈಗೆ ಕೊಟ್ಟೆ. ಹೆಬ್ಬೆರಳಲ್ಲಿ ಅಂಚು ಸವರಿದರು. ‘ಕೋರ್ಟು ಕಚೇರಿ ಅಂದ್ರ ನಮ್ಮಪ್ಪ ಬಳ್ಳಾರಿಗೆ ಹೋಗ್ತಿದ್ದ. ಆಮ್ಯಾಲೆ ಕರ್ನೂಲಿಗೆ ಹೋಗೋದಾತು. ಮನಿಯಾಗ ಮಾತು ಮಾತ್ರ ಕನ್ನಡನೇ.’ ಆ ತುಂಡನ್ನು ತಾವೇ ಬಳ್ಳಾರಿಯ ಪಕ್ಕಕ್ಕೆ ಇಟ್ಟರು. ಸರಿಯಾಗಿ ಕೂತಿತು.

ಹಾಗಾಗಿ ನಕ್ಷೆ ಈಗ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಅಗಲ. ಗೆರೆಯಾಚೆ ಉಳಿದ ತಾಲ್ಲೂಕುಗಳನ್ನೂ ಕೊಯ್ಯುತ್ತೇನೆ. ಬೆಳಗಾವಿಯಿಂದ ಬಿಟ್ಟ ಚಂದಗಡ, ದಕ್ಷಿಣ ಕನ್ನಡದಿಂದ ಬಿಟ್ಟ ಕಾಸರಗೋಡು, ರಾಯಚೂರಿನಿಂದ ಹೋದ ಗದ್ವಾಲ, ಆಲಂಪುರ. ಅಮೀನದಿವಿ ದ್ವೀಪಗಳೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯವೇ. ನನ್ನ ಅಳತೆಗೆ ಅವು ರಾಗಿ ಕಾಳಿನಷ್ಟು. ನಿಜವಾದ ರಾಗಿ ಕಾಳನ್ನೇ ಅಂಟಿಸಿಬಿಡು ಮಾಮ ಅಂತ ಅಕ್ಕನ ಮಗಳ ಸಲಹೆ. ಒಳ್ಳೆಯ ಸಲಹೆ, ಮಾಡುತ್ತೇನೆ.

ಇದರ ನಡುವೆ ಮುಂದಿನ ಕೆಲಸ ತಲೆಗೆ ಹೊಕ್ಕಿದೆ. ಚಿಕ್ಕಮಗಳೂರು, ಚುನಾವಣೆ ಅಂದ ತಕ್ಷಣ ಎಲ್ಲರೂ 1978ರ ಇಂದಿರಾ ಗಾಂಧಿ, ವೀರೇಂದ್ರ ಪಾಟೀಲ್ ಅನ್ನುತ್ತಾರೆ. ನನಗೆ ಬೇಕಿರುವುದು ಮೊದಲ ಮಹಾಚುನಾವಣೆಯ ಮತಗಟ್ಟೆ. ಆಗ ಚೀಟಿಯ ಮೇಲೆ ಗುರುತು ಹಾಕುವುದಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಮೇಲೆ ಅವರ ಚಿಹ್ನೆ. ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿದರೆ ಮತ ಬಿತ್ತು. ಓದು ಬಾರದವರೂ ಸರಾಗವಾಗಿ ಮತ ಹಾಕಲಿ ಅಂತ ಮಾಡಿದ ಏರ್ಪಾಡು. ಆ ಕೋಣೆಯನ್ನು ತಗಡಿನ ಪೆಟ್ಟಿಗೆಗಳ ಸಮೇತ ಪುಟ್ಟದಾಗಿ ಮಾಡಬೇಕು. ತಗಡು ಮಡಿಸುವ ಕೆಲಸ ಬಲ್ಲವರು ಹಾಸನದಲ್ಲೋ ಇಲ್ಲೋ ಇದ್ದರೆ ಹೇಳಿ.

ಅದಕ್ಕೆ ಮೊದಲು ಬೀದರ್ ಇದೆ. ಮೂರು ಪಾಲಾದ ಜಿಲ್ಲೆ. ನಿಲಂಗಾ, ಉದಗೀರ್, ಅಹ್ಮದ್‌ಪುರ ಮುಂಬಯಿಗೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಉಳಿದದ್ದು ನಮಗೆ. ಮಂಚದ ಹಲಗೆ ಇನ್ನು ಒಂದೂವರೆ ಅಡಿ ಮಾತ್ರ ಮಿಕ್ಕಿದೆ, ಅದರಲ್ಲೊಂದು ಗಂಟು ಬೇರೆ. ಸಣ್ಣ ಹಲ್ಲಿನ ಬ್ಲೇಡ್ ಬರುವವರೆಗೆ ಬೀಟೆಯನ್ನು ಮುಟ್ಟುವುದಿಲ್ಲ.