ಅಪ್ಪನ ಕಪ್ಪು ಒಂದು

14 ಜೂನ್ 2025, ಶನಿವಾರ

ಮಗಳ ಪಿಯಾನೋ ಕ್ಲಾಸಿನ ಚಾರ್ಟ್ ಒಂದು ವಾರದಿಂದ ಫ್ರಿಜ್ ಮೇಲೆ ಅಂಟಿಸ್ಕೊಂಡಿದೀನಿ. ಶಾರ್ಪ್ (ಸ್ವರ ಕೀಬೋರ್ಡಿನ ಒಂದು ಮನೆ ಮೇಲೇರೋದು) ಬರೋ ಕ್ರಮ ಎಫ್ ಸಿ ಜಿ ಡಿ ಎ ಇ ಬಿ, ಫ್ಲ್ಯಾಟ್ (ಒಂದು ಮನೆ ಕೆಳಗಿಳಿಯೋದು) ಅದ್ರದ್ದೇ ಉಲ್ಟಾ, ಮಗ್ಗಿ ಥರ ಉರು ಹೊಡೆದ್ರೂ ಕುಕ್ಕರ್ ಮೂರನೇ ಸಲ ಕೂಗೋಷ್ಟರಲ್ಲಿ ಅರ್ಧ ಮರೆತಿರುತ್ತೆ. ನಿನ್ನೆ ಅವ್ಳು ಹೊಸ ಪಾಠದ ಹಾಳೆ ಹಿಡ್ಕೊಂಡು "ಅಮ್ಮಾ, ನಾಲ್ಕು ಶಾರ್ಪ್, ಯಾವ ಕೀ ಹೇಳು" ಅಂದ್ಲು. ಕೀ ಅಂದ್ರೆ ಹಾಡಿಗೆ ಆಧಾರ ಯಾವ ಸ್ವರ ಅನ್ನೋದು. ಜಿ ಅಂದೆ. ಬಿದ್ದು ಬಿದ್ದು ನಕ್ಕಳು.

ಇವತ್ತು ಊರಿಂದ ಅಪ್ಪನ ಫೋನ್ ಬಂದಾಗ ಈ ಗೋಳನ್ನೇ ತೋಡ್ಕೊಂಡೆ. ಭಜನಾ ಮಂಡಳಿಲಿ ಹಾರ್ಮೋನಿಯಂ ಬಾರಿಸೋ ಮನುಷ್ಯ, "ಶಾರ್ಪು ಗೀರ್ಪು ನಂಗೊತ್ತಿಲ್ಲ ಮಾರಾಯ್ತಿ, ಷಡ್ಜ ಯಾವ ಮನೆ ಅದನ್ನು ಹೇಳು" ಅಂದ್ರು. ಷಡ್ಜ ಅಂದ್ರೆ ಸರಿಗಮದ ಸ.

ಫೋನ್ ಇಟ್ಟು ಕೀಬೋರ್ಡ್ ಮುಂದೆ ಕೂತೆ. ಸಿ ಇಂದ ಶಂಕರಾಭರಣ ರಾಗ ಹಿಡಿದ್ರೆ ಎಲ್ಲಾ ಬಿಳಿ ಮನೆ, ಪಾಶ್ಚಾತ್ಯರ ಮೇಜರ್ ಸ್ಕೇಲ್ ಅಂದ್ರೆ ಗಮಕ (ಸ್ವರದ ಓಲಾಟ) ಇಲ್ಲದ ಶಂಕರಾಭರಣವೇ ತಾನೇ. ಆಮೇಲೆ ಷಡ್ಜಾನ ಜಿಗೆ ತಂದೆ, ಅಪ್ಪನ ಲೆಕ್ಕದಲ್ಲಿ ಬಿಳಿ ಐದು (ಸಿ ಇಂದ ಎಣಿಸಿದ್ರೆ ಐದನೇ ಬಿಳಿ ಮನೆ), ಧ ತನಕ ಸರಿಯಾಗೇ ಹೋಯ್ತು, ನಿಗೆ ಬಿಳಿ ಎಫ್ ಒತ್ತಿದ್ರೆ ಹರಿಕಾಂಭೋಜಿ ರಾಗ ಆಗೋಯ್ತು! ಪಕ್ಕದ ಕಪ್ಪು ಒತ್ತಿದೆ, ಸರಿಹೋಯ್ತು. ಜಿ ಕೀಗೆ ಇರೋ ಆ ಒಂದು ಶಾರ್ಪ್ ಅದೇ. ಡಿ ಇಂದ ಶುರು ಮಾಡಿದ್ರೆ ಗ, ನಿ ಎರಡೂ ಕಪ್ಪು, ಹೊಸದಾಗಿ ಸೇರ್ಕೊಂಡಿದ್ದು ಮತ್ತೆ ನಿ. ಎ ಇಂದಾನೂ ಹಾಗೇ. ಅಂದ್ರೆ ಕೊನೇ ಶಾರ್ಪ್ ಯಾವಾಗ್ಲೂ ನಿ, ಅದರ ಪಕ್ಕದ ಮೇಲಿನ ಮನೆ ಸ! ಇದನ್ನ ಚಾರ್ಟಲ್ಲಿ ಒಂದು ಲೈನ್ ಬರೆಯಕ್ಕೆ ಏನು ರೋಗ.

ಫ್ಲ್ಯಾಟ್ ಕಡೆ ಮ ಕೈ ಕೊಡುತ್ತೆ. ಎಫ್ ಇಂದ ಬರೀ ಬಿಳಿ ನುಡಿಸ್ಕೊಂಡು ಹೋದ್ರೆ ಕಲ್ಯಾಣಿ ರಾಗ, ಬಿ ಜಾಗದಲ್ಲಿ ಅದರ ಕೆಳಗಿನ ಕಪ್ಪು ಒತ್ತಿದ್ರೆ ಶುದ್ಧ ಮಧ್ಯಮ (ಕೆಳಗಿನ ಮ) ಬಂದು ಶಂಕರಾಭರಣ. ಹಂಗಾಗಿ ಕೊನೇ ಫ್ಲ್ಯಾಟ್ ಅಂದ್ರೆ ಮ, ಅಲ್ಲಿಂದ ಮ ಗ ರಿ ಸ ಅಂತ ಇಳಿದ್ರೆ ಕೀ ಸಿಗುತ್ತೆ.

ಅಪ್ಪನ ಮಂಡಳಿಯವ್ರು ಹಾಡೋ ಕಪ್ಪು ಒಂದನ್ನೂ (ಸಿ ಪಕ್ಕದ ಮೊದಲ ಕಪ್ಪು ಮನೆ) ನೋಡ್ದೆ. ಸಿ ಶಾರ್ಪ್ ಅಂತ ಬರೆದ್ರೆ ಏಳು ಶಾರ್ಪ್, ಅದೇ ಮನೆನ ಡಿ ಫ್ಲ್ಯಾಟ್ ಅಂದ್ರೆ ಐದೇ ಫ್ಲ್ಯಾಟ್, ಬೆರಳು ಬೀಳೋದು ಮಾತ್ರ ಅದೇ ಏಳು ಮನೆ ಮೇಲೆ. ಅಪ್ಪಂಗೆ ಇದನ್ನ ಹೇಳಿದ್ರೆ "ಎಂತಕ್ಕೆ ಅಷ್ಟೆಲ್ಲ" ಅಂತಾರೆ.

ಸಂಜೆ ಮಗಳನ್ನ ಕರ್ದು, ನಾಲ್ಕನೇ ಶಾರ್ಪ್ ಡಿ, ಅದು ನಿ, ಅದಕ್ಕೇ ಇದು ಇ ಮೇಜರ್ ಅಂತ ಗತ್ತಲ್ಲಿ ಹೇಳ್ದೆ. ಅವ್ಳು ಹಾಳೆಯ ಕೊನೇ ಸಾಲಿಗೆ ಬೆರಳಿಟ್ಲು. "ಹಾಡು ನಿಂತಿರೋದು ಇಲ್ಲಿ ನೋಡಮ್ಮ. ಮೈನರ್ ಇದು." ಮೈನರ್ ಅನ್ನೋ ಇನ್ನೊಂದು ಬಗೆ ಸ್ಕೇಲಿಗೂ ಅವೇ ನಾಲ್ಕು ಶಾರ್ಪಂತೆ, ಷಡ್ಜ ಮಾತ್ರ ಇ ಮೇಜರಿನ ಧ ಇರೋ ಮನೆಗೆ ಇಳಿಯುತ್ತೆ. ಇ ಇಂದ ಒಂದೊಂದೇ ಮನೆ ಎಣಿಸ್ಕೊಂಡು ಹಿಂದೆ ಬಂದೆ. ಮೂರನೇದು, ಕಪ್ಪು ಒಂದು.